ಒಂದೇ ಕಾರಿಗೆ ಜಾಗ

ಆಕೆ ಕಾರಿನ ಸೀಟು ಹೊಲಿಯುವವರು. ಬೀದಿಯವರ ಬಾಯಲ್ಲಿ ಸೀಟಕ್ಕ. ಗಂಡ ಮೆಕ್ಯಾನಿಕ್. ತೀರಿಕೊಂಡಾಗ ಶೆಡ್ಡಿನಲ್ಲಿ ಎರಡು ಪುಟಾಣಿ ಕಾರುಗಳನ್ನು ಬಿಟ್ಟುಹೋಗಿದ್ದರು. ಎರಡೂ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯಲ್ಲಿ ತಯಾರಾದವು. ಇಸೆಟ್ಟಾ ಮೊಟ್ಟೆಯ ಹಾಗೆ ಗುಂಡಗೆ, ಮೂತಿಯೇ ಬಾಗಿಲು. ಮೆಸ್ಸರ್‌ಶ್ಮಿಟ್‌ಗೆ ಮೂರೇ ಚಕ್ರ. ಗಾಜಿನ ಮುಚ್ಚಳ ಎತ್ತಿ ಒಳಗಿಳಿದು ಒಬ್ಬರ ಹಿಂದೊಬ್ಬರು ಕೂರಬೇಕು. ಗಂಡನ ಬೆನ್ನ ಹಿಂದೆ ಕೂತು ಸೀಟಕ್ಕ ಊರು ಸುತ್ತಿದ್ದು ಇದರಲ್ಲೇ.

ಈಗ ಜೊತೆಗಿದ್ದವಳು ನಾದಿನಿ. ಗಣಿತದ ಟೀಚರಾಗಿ ನಿವೃತ್ತಳಾದವಳು, ಮಾತು ಮೆಣಸಿನಕಾಯಿ. ಇಬ್ಬರೂ ಈ ಮನೆ ಬಿಟ್ಟು ಇನ್ನೂ ಚಿಕ್ಕದೊಂದು ಮನೆಗೆ ಹೊರಟಿದ್ದರು. ಅಲ್ಲಿ ಒಂದೇ ಕಾರಿಗೆ ಜಾಗ. ಹಳೇ ಕಾರಿನ ಹುಚ್ಚಿದ್ದ ಹಲ್ಲಿನ ಡಾಕ್ಟರು ಇನ್ನೊಂದನ್ನು ಕೊಳ್ಳಲು ಬಂದರು.

"ಕೊಳ್ಳೋನಾದ್ರೂ ನಿಜ ಹೇಳ್ಬಿಡ್ತೀನಿ. ಮೆಸ್ಸರ್‌ಶ್ಮಿಟ್ ಅಪರೂಪ, ಬೆಲೆನೂ ಜಾಸ್ತಿ. ಇಸೆಟ್ಟಾ ಬೇಕಾದಷ್ಟು ತಯಾರಾಗಿತ್ತು, ಬಿಡಿಭಾಗ ಬೇಗ ಸಿಗುತ್ತೆ. ಮೆರೆಯೋಕೆ ಅದು, ಓಡಿಸೋಕೆ ಇದು," ಎಂದರು ಡಾಕ್ಟರು.

"ಇಸೆಟ್ಟಾನೇ ತಗೊಂಡ್ಹೋಗಿ," ಎಂದರು ಸೀಟಕ್ಕ, ಯೋಚಿಸದೆ.

"ಹಾಗಾದ್ರೆ ಉಳಿಸ್ಕೊಳ್ಳೋದ್ರಲ್ಲಿ ಇಬ್ರೂ ಒಂದ್ಸಲ ಕೂತು ನೋಡಿ," ಎಂದರು ಡಾಕ್ಟರು.

ನಾದಿನಿ ಮೆಸ್ಸರ್‌ಶ್ಮಿಟ್‌ನ ಅಂಚು ಹಿಡಿದು ಕಾಲೆತ್ತಿದಳು. ಮಂಡಿ ಬಗ್ಗಲಿಲ್ಲ. ಕೊಕ್ಕರೆಯ ಹಾಗೆ ಒಂಟಿಕಾಲಲ್ಲಿ ತಡವರಿಸಿ ಕಾಲಿಳಿಸಿದಳು. "ನೀವು ಸುತ್ತಾಡ್ಕೊಂಡು ಬನ್ನಿ ಅತ್ತಿಗೆ. ನಾನು ಗೇಟು ಕಾಯ್ತೀನಿ," ಎಂದು ನಕ್ಕವಳು ಮುಖ ಆಚೆ ತಿರುಗಿಸಿದಳು.

ಸೀಟಕ್ಕ ಹಿಂದಿನ ಸೀಟನ್ನು, ತಾವೇ ಹಾಕಿದ್ದ ಹೊಲಿಗೆಯನ್ನು, ಒಮ್ಮೆ ಸವರಿದರು. ಆಮೇಲೆ ಇಸೆಟ್ಟಾದ ಮೂತಿ ತೆರೆದರು. "ಬಾರೇ ಇಲ್ಲಿ."

ನಾದಿನಿ ಬೆನ್ನು ತಿರುಗಿಸಿ, ಕುರ್ಚಿಯಲ್ಲಿ ಕೂರುವ ಹಾಗೆ ಸಲೀಸಾಗಿ ಕೂತಳು. "ಅಯ್ಯೋ, ಸೋಫಾ ಇದ್ದಂಗಿದೆ!"

"ಡಾಕ್ಟ್ರೇ, ಮಾತು ಬದಲಾಯ್ಸಿದೆ ಅಂತ ಬೇಜಾರಾಗ್ಬೇಡಿ. ಮೆಸ್ಸರ್‌ಶ್ಮಿಟ್ ನಿಮ್ಗೆ," ಎಂದರು ಸೀಟಕ್ಕ.

"ತಲೆ ಕೆಟ್ಟಿದ್ಯಾ ಅತ್ತಿಗೆ? ಅಣ್ಣನ ನೆನಪಿರೋದೇ ಅದ್ರಲ್ಲಿ!"

"ನಿಮ್ಮಣ್ಣ ಎಲ್ಲಿದ್ರೂ ನಂಗೆ ನೆನಪಾಗ್ತಾರೆ. ನೀನು ಸುಮ್ನೆ ಕೂತ್ಕೋ."

ಲಾರಿ ಮೆಸ್ಸರ್‌ಶ್ಮಿಟ್ಟನ್ನು ಹೊತ್ತು ಹೋದಾಗ ಸೀಟಕ್ಕ ಶೆಡ್ಡಿನೊಳಗೆ ಹೋಗಿ ಸ್ವಲ್ಪ ಅತ್ತರು. ಮರುದಿನವೇ ಡ್ರೈವಿಂಗ್ ಕಲಿಯಲು ಸೇರಿದರು.

ಲೈಸೆನ್ಸು ಸಿಕ್ಕ ವಾರ ನಾದಿನಿಯನ್ನು ಕೂರಿಸಿಕೊಂಡು ಬೇಕರಿಗೆ ಹೋಗಿ, ಕಾರಿನ ಮೂತಿಯನ್ನು ಗೋಡೆಗೆ ಅಂಟಿಸಿ ನಿಲ್ಲಿಸಿದರು. ಬಾಗಿಲು ತೆರೆಯುವುದಾದರೂ ಹೇಗೆ?

"ರಿವರ್ಸ್ ಹಾಕಿ ಅತ್ತಿಗೆ!"

"ಬೀಳ್ತಿಲ್ಲ ಕಣೇ!"

ಕೊನೆಗೆ ಮೇಲಿನ ಬಟ್ಟೆಯ ಛಾವಣಿ ಸರಿಸಿ ನಾದಿನಿ ತಲೆ ಹೊರಹಾಕಿದಳು. "ಬೇಕರಿಯವ್ರೇ, ಒಂಚೂರು ಹಿಂದಕ್ಕೆ ತಳ್ಳಿ, ಪುಣ್ಯ ಬರುತ್ತೆ!" ಬೇಕರಿಯವರು ತಳ್ಳಿದರು. ಒಳಗೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಮುಂದಿನ ಭಾನುವಾರ ಸೀಟಕ್ಕ ಮೊದಲ ಸಲ ದೊಡ್ಡ ಸೇತುವೆ ದಾಟಿದರು. ಪಕ್ಕದ ನಾದಿನಿ, ಕಾಲು ನೀಡಿಕೊಂಡು, ಎದುರು ಬಂದ ಲಾರಿಗಳಿಗೆಲ್ಲ ಕೈಬೀಸುತ್ತಿದ್ದಳು.