ಅಪ್ಪನ ದೇಶಕ್ಕೆ ನಾಲ್ಕು ನಿಮಿಷ

ಬೆಳಕು ಇನ್ನೂ ಸರಿಯಾಗಿ ಬಿಟ್ಟಿಲ್ಲ. ಮೈದಾನದ ಹುಲ್ಲು ಇಬ್ಬನಿಯಲ್ಲಿ ತೊಯ್ದು ತೊಪ್ಪೆಯಾಗಿದೆ. ಗೋಲಿನ ಮುಂದೆ ನಿಂತ ಹೆಂಗಸಿನತ್ತ ಸಹಾಯಕ ಕೋಚ್ ಒಂದರ ಹಿಂದೊಂದು ಚೆಂಡು ಎತ್ತಿ ಒದೆಯುತ್ತಿದ್ದಾನೆ. ಆಕೆ ಹಿಂದಕ್ಕೆ ಓಡುತ್ತಲೇ ಹಾರಿ, ಹಣೆಯಿಂದ ಚೆಂಡನ್ನು ಬಂದ ದಾರಿಗೇ ಕಳಿಸುತ್ತಾಳೆ. ನೆಂದ ಚೆಂಡು ಹಣೆಗೆ ಬಡಿದ ಸದ್ದು ಖಾಲಿ ಗ್ಯಾಲರಿಯಲ್ಲಿ ಬಟ್ಟೆ ಒಗೆದಂತೆ ಕೇಳಿಸುತ್ತದೆ.

"ಸಾಕಾ?" ಎಂದು ಕೋಚ್ ಕೇಳುತ್ತಾನೆ.

"ಇನ್ನೊಂದೆರಡು ಹಾಕಣ್ಣ. ಇವತ್ತು ಕುತ್ತಿಗೆ ಹೇಳಿದ ಮಾತು ಕೇಳ್ತಿದೆ."

ಅಷ್ಟರಲ್ಲಿ ಗೇಟಿನ ಹತ್ತಿರ ಕಾವಲುಗಾರ ಬೀಗದ ಕೈ ಗೊಂಚಲು ಅಲ್ಲಾಡಿಸುತ್ತಾನೆ. ಗಂಡಸರ ತಂಡ ಬರುವ ಹೊತ್ತು. ಅವರ ಬೂಟು ಬೀಳುವ ಮೊದಲು ಹೆಂಗಸರು ಹುಲ್ಲು ಬಿಟ್ಟುಕೊಡಬೇಕು. ಆಕೆ ಚೆಂಡುಗಳನ್ನು ಬಲೆಚೀಲಕ್ಕೆ ತುಂಬಿ, ಹೆಗಲಿಗೇರಿಸಿ ಹೊರಡುತ್ತಾಳೆ. ಇಷ್ಟು ವರ್ಷವಾದರೂ ಆ ಚೀಲ ಬೇರೆಯವರ ಹೆಗಲಿಗೆ ಹೋಗಿಲ್ಲ.

ತಂಡದಲ್ಲಿ ಎಲ್ಲರೂ ಆಕೆಯನ್ನು ಕರೆಯುವುದು ಚಿಲಕ ಎಂದು. ಹೆಸರಿಟ್ಟವಳು ಗೋಲ್‌ಕೀಪರ್. "ಇವಳು ಮುಂದೆ ನಿಂತರೆ ನಾನು ಒಳಗೆ ಒಂದು ನಿದ್ದೆ ತೆಗೀಬಹುದು" ಎಂದು ಅವಳು ನಗುತ್ತಾಳೆ. ಎದುರಾಳಿಯನ್ನು ಗೋಲಿನ ಮುಂದೆ ತಡೆಯುವ ಡಿಫೆಂಡರ್ ಆಕೆ. ಮೂವತ್ಮೂರರ ಚಿಲಕಳ ಮೂಗು ಎರಡು ಸಲ ಮುರಿದಿದೆ. ಎಡ ಹುಬ್ಬಿನ ನಡುವೆ ಕೂದಲು ಬೆಳೆಯದ ಗೆರೆ. ಬೆಳಿಗ್ಗೆ ಮೆಟ್ಟಿಲು ಇಳಿಯುವಾಗ ಬಲ ಮಂಡಿ ಕಟಕಟ ಎನ್ನುತ್ತದೆ.

"ಗೋಲು ಹೊಡೆದವಳ ಫೋಟೊ ಪೇಪರಲ್ಲಿ ಬರುತ್ತೆ. ನಮ್ಮದು ಬರೋದು ಗೋಲು ಬಿದ್ದಾಗ ಮಾತ್ರ. ಹಿಂದೆ ತಲೆ ಮೇಲೆ ಕೈ ಹೊತ್ಕೊಂಡು ಒಬ್ಬಳು ನಿಂತಿರ್ತಾಳಲ್ಲ, ಅದೇ ನಾನು" ಎಂದು ಆಕೆ ಮಧ್ಯಾಹ್ನ ಮನೆಯ ಮುಂಗೋಣೆಯಲ್ಲಿ ಕೂತು ಹೇಳುತ್ತಾಳೆ.

ಆಕೆಯ ಅಮ್ಮ ಈ ನೆಲದವರು. ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುತ್ತ ಮಗಳನ್ನು ಬೆಳೆಸಿದವರು. ಅಪ್ಪ ಕಡಲಾಚೆಯಿಂದ ಹಡಗು ಕಟ್ಟೆಗೆ ವೆಲ್ಡಿಂಗ್ ಕೆಲಸಕ್ಕೆ ಬಂದು, ಕಾಲಿಗೆ ಕಾದ ಕಬ್ಬಿಣ ಬಿದ್ದು ಅದೇ ಆಸ್ಪತ್ರೆ ಸೇರಿದವರು. ಕಾಲು ವಾಸಿಯಾಯಿತು, ಮದುವೆಯೂ ಆಯಿತು. ಅಮ್ಮನ ಅಣ್ಣ ಮಾತ್ರ ಅಂದು ಮುಚ್ಚಿದ ಬಾಗಿಲನ್ನು ಇಂದಿಗೂ ತೆರೆದಿಲ್ಲ. ಮಗುವಿನ ಬಣ್ಣ, ಕೂದಲು, ಎತ್ತರ ಎಲ್ಲವೂ ಅಪ್ಪನದು. ಬಾಯಿ ಮಾತ್ರ ಅಮ್ಮನದು. ಬೀದಿಯ ಮಕ್ಕಳು ಅವಳನ್ನು 'ಅರ್ಧಂಬರ್ಧ' ಎಂದು ಕರೆಯುತ್ತಿದ್ದರು. ಚೆಂಡು ಕಸಿದುಕೊಳ್ಳಲು ಅವಳು ಕಲಿತದ್ದು ಆ ಮಕ್ಕಳಿಂದಲೇ.

ಹದಿನೆಂಟಕ್ಕೆ ಕ್ಲಬ್ಬು ಸೇರಿದಳು. ಎರಡೇ ವರ್ಷದಲ್ಲಿ ಈ ಲೀಗಿನಲ್ಲಿ ಅವಳನ್ನು ದಾಟಿ ಹೋಗುವುದು ಕಷ್ಟ ಎಂಬ ಮಾತು ಹಬ್ಬಿತು. ಅಮ್ಮನ ದೇಶದ ರಾಷ್ಟ್ರೀಯ ತಂಡ ಮೂರು ಸಲ ಶಿಬಿರಕ್ಕೆ ಕರೆಯಿತು. ಮೂರು ಸಲವೂ ಕೊನೆಯ ದಿನ 'ಮುಂದಿನ ಸಲ ನೋಡೋಣ' ಎಂದು ಮನೆಗೆ ಕಳಿಸಿತು. ಮೂರನೆಯ ಸಲ ಆಯ್ಕೆಗಾರರೊಬ್ಬರು ಬೆನ್ನು ತಟ್ಟಿ, "ಆಟ ಚೆನ್ನಾಗಿದೆಯಮ್ಮ. ಆದ್ರೆ ಜನಕ್ಕೆ ನಮ್ಮ ಹುಡುಗಿ ಅನ್ನಿಸಬೇಕಲ್ಲ" ಎಂದರು. ಆಕೆ ಅದನ್ನು ಈಗಲೂ ಅದೇ ಸೌಮ್ಯ ದನಿಯಲ್ಲಿ ಅನುಕರಿಸಿ ತೋರಿಸುತ್ತಾಳೆ. ಕೇಳುವವರಿಗೆ ನಗು ಬರುತ್ತದೆ, ಆಕೆಗೆ ಬರುವುದಿಲ್ಲ.

ಇಪ್ಪತ್ತೈದರಲ್ಲಿ ಅಪ್ಪನ ದೇಶದಿಂದ ಕರೆ ಬಂತು. ಆಗ ಅಪ್ಪ ಹಾಸಿಗೆ ಹಿಡಿದಿದ್ದರು. ವೆಲ್ಡಿಂಗ್ ಹೊಗೆ ಕುಡಿದ ಶ್ವಾಸಕೋಶ ಕೈಕೊಟ್ಟಿತ್ತು. ಅಮ್ಮನಿಗೆ ಮನಸ್ಸಿರಲಿಲ್ಲ.

"ಹೋಗ್ಬೇಡ ಅಂದೆ" ಎಂದು ಅಮ್ಮ ಅಡುಗೆಮನೆಯಿಂದಲೇ ಮಾತು ಸೇರಿಸುತ್ತಾರೆ. "ಇವತ್ತಲ್ಲ ನಾಳೆ ಇಲ್ಲಿಯವರು ಕಣ್ಣು ಬಿಡ್ತಾರೆ, ಕಾದು ನೋಡು ಅಂದೆ."

"ಅಪ್ಪ ಕೇಳಿದ್ರು ಅಮ್ಮ."

"ಗೊತ್ತು. ಆ ಮನುಷ್ಯ ಆಯುಷ್ಯದಲ್ಲಿ ನಿನ್ನ ಹತ್ರ ಏನೂ ಕೇಳಿದವನಲ್ಲ. ಅದಕ್ಕೇ ಬಾಯಿ ಮುಚ್ಕೊಂಡೆ. ಮುಚ್ಕೋಬಾರದಿತ್ತು."

ಅಪ್ಪ ಉಸಿರಿಗೆ ಒದ್ದಾಡುತ್ತಲೇ ಮಗಳಿಗೆ ತಮ್ಮ ರಾಷ್ಟ್ರಗೀತೆ ಕಲಿಸಿದರು. ಆಕೆ ಹೋದಳು. ಅರ್ಹತಾ ಪಂದ್ಯ. ತಂಡ ಮೂರು ಗೋಲುಗಳಿಂದ ಮುಂದಿತ್ತು. ಮುಗಿಯಲು ನಾಲ್ಕು ನಿಮಿಷವಿದ್ದಾಗ ಆಕೆಯನ್ನು ಒಳಗೆ ಕಳಿಸಿದರು. ಚೆಂಡು ಕಾಲಿಗೆ ಸಿಕ್ಕಿದ್ದು ಒಂದೇ ಸಲ. ಅದನ್ನೂ ಗೆರೆಯಾಚೆ ಒದ್ದಳು. ಆದರೂ ಮೈ ಜುಮ್ಮೆಂದಿತ್ತಂತೆ.

ಪಂದ್ಯ ಮುಗಿದು ಬಟ್ಟೆ ಬದಲಿಸುವ ಕೋಣೆಯತ್ತ ನಡೆಯುವಾಗ, ಓಣಿಯ ತಿರುವಿನಲ್ಲಿ ತಂಡದ ಮ್ಯಾನೇಜರ್ ಫೋನಿನಲ್ಲಿ ಮಾತಾಡುತ್ತಿದ್ದ. ಪರದೇಶದಲ್ಲಿ ಬೆಳೆದ ಹುಡುಗಿಗೆ ತನ್ನ ಭಾಷೆ ಬರಲಾರದು ಎಂದು ಅವನ ಎಣಿಕೆ. ಅಪ್ಪನ ಭಾಷೆ ಆಕೆಗೆ ಚೆನ್ನಾಗಿ ಬರುತ್ತಿತ್ತು.

"ಇಳಿಸಿ ಆಯ್ತು ಬಿಡಿ" ಎಂದು ಅವನು ಹೇಳುತ್ತಿದ್ದ. "ನಮಗೆ ಬೇಕಾದವಳೇನಲ್ಲ. ಆದ್ರೆ ಇನ್ನು ಆ ಕಡೆಯವರಿಗೆ ಸಿಗೋ ಹಾಗಿಲ್ಲ."

ಇಪ್ಪತ್ತೊಂದು ತುಂಬಿದ ಆಟಗಾರ್ತಿ ಇಂಥ ಅಧಿಕೃತ ಪಂದ್ಯದಲ್ಲಿ ಒಂದು ದೇಶದ ಪರ ಒಮ್ಮೆ ಇಳಿದರೆ ಮತ್ತೊಂದು ದೇಶಕ್ಕೆ ಆಡುವಂತಿಲ್ಲ. ಈ ನಿಯಮ ಆಕೆಗೆ ತಿಳಿದೇ ಇತ್ತು. ತನ್ನನ್ನು ಇಳಿಸಿದ್ದೇ ಅದಕ್ಕಾಗಿ ಎಂಬುದು ತಿಳಿದಿರಲಿಲ್ಲ. ಅಮ್ಮನ ಮಾತಿನಲ್ಲಿ ಹೇಳುವುದಾದರೆ, "ಹುಲ್ಲಿನ ಬಣವೆ ಮೇಲೆ ನಾಯಿ ಮಲಗಿದ ಹಾಗೆ. ತಾನೂ ತಿನ್ನಲ್ಲ, ಎತ್ತಿಗೂ ಬಿಡಲ್ಲ."

ಅಪ್ಪನ ದೇಶದವರು ಮತ್ತೆ ಕರೆಯಲಿಲ್ಲ. ಅಪ್ಪ ಮಾತ್ರ ಆ ಪಂದ್ಯದ ಕೊನೆಯ ತುಣುಕನ್ನು ನರ್ಸ್, ಡಾಕ್ಟರು, ಪಕ್ಕದ ಹಾಸಿಗೆಯವನು ಎನ್ನದೆ ಎಲ್ಲರಿಗೂ ತೋರಿಸಿದರು. "ಮುಂದಿನ ಪಂದ್ಯ ಯಾವಾಗ?" ಎಂದು ಕೇಳುತ್ತಿದ್ದರು. "ಕರೀತಾರೆ ಅಪ್ಪ, ಕರೀತಾರೆ" ಎಂದು ಮಗಳು ಹೇಳುತ್ತಿದ್ದಳು. ಹಾಗೆ ಕಾಯುತ್ತಲೇ ಅವರು ಹೋಗಿಬಿಟ್ಟರು. ಓಣಿಯಲ್ಲಿ ಕೇಳಿದ್ದನ್ನು ಆಕೆ ಅಮ್ಮನಿಗೆ ಹೇಳಿದ್ದು ಅಪ್ಪನನ್ನು ಮಣ್ಣು ಮಾಡಿ ಬಂದ ಮೇಲೆ.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಎರಡು ವರ್ಷದ ನಂತರ ಅಮ್ಮನ ದೇಶ ಮೊದಲ ಸಲ ವಿಶ್ವಕಪ್ಪಿಗೆ ಅರ್ಹತೆ ಪಡೆಯಿತು. ಹೊಸ ಕೋಚ್ ಬಂದಿದ್ದರು, ಹೆಂಗಸು. ನಡುವಿನ ಡಿಫೆಂಡರುಗಳಿಬ್ಬರೂ ಗಾಯಗೊಂಡು ಹೊರಬಿದ್ದಿದ್ದರು. ಒಂದು ಮಧ್ಯಾಹ್ನ ಆ ಕೋಚ್ ತಾವೇ ಫೋನು ಮಾಡಿದರು.

"ನಿನ್ನ ಬಿಟ್ರೆ ನನಗೆ ಯಾರೂ ಕಾಣ್ತಿಲ್ಲ. ಬರ್ತೀಯಾ?"

"ಬರೋ ಹಾಗಿಲ್ಲ ಮೇಡಂ. ಅಪ್ಪನ ಕಡೆಗೆ ಒಂದು ಪಂದ್ಯ ಆಡಿಬಿಟ್ಟಿದೀನಿ."

"ಎಷ್ಟು ಹೊತ್ತು ಆಡಿದೆ?"

"ನಾಲ್ಕು ನಿಮಿಷ."

ಕೋಚ್ ಅಲ್ಲಿಗೇ ಬಿಡಲಿಲ್ಲ. ಆಮೇಲೆ ಅವರು ಕಂಡಕಂಡ ಬಾಗಿಲನ್ನೆಲ್ಲ ತಟ್ಟಿದರು. ನಿಯಮ ನಿಯಮವೇ ಎಂಬ ಉತ್ತರ ಬಂತು. ವಿಶ್ವಕಪ್ಪಿನ ಪಂದ್ಯವನ್ನು ತಾಯಿ ಮಗಳು ಇದೇ ಕೋಣೆಯ ಟಿ.ವಿ.ಯಲ್ಲಿ ನೋಡಿದರು. ಕೊನೆಯಲ್ಲಿ ಮೂಲೆಯಿಂದ ತೇಲಿಬಂದ ಚೆಂಡಿಗೆ ಎದುರಾಳಿ ಒಬ್ಬಂಟಿಯಾಗಿ ಹಾರಿ ತಲೆಕೊಟ್ಟಳು. ಗೋಲು. ಎದ್ದುಹೋಗಿ ಟಿ.ವಿ. ಆರಿಸಿದ್ದು ಅಮ್ಮ. ಮಗಳು ಕೂತಲ್ಲೇ ಕುತ್ತಿಗೆ ಮುಂದೆ ಚಾಚಿದ್ದಳು, ಆ ಚೆಂಡು ತನಗೇ ಬರುತ್ತಿದೆಯೇನೋ ಎಂಬಂತೆ.

ಗಾಯಕ್ಕೆ ಉಪ್ಪು ಸವರಲು ಜನ ಇದ್ದೇ ಇದ್ದರು. ಮುಂದಿನ ವಾರ ಕ್ಲಬ್ಬಿನ ಪಂದ್ಯದಲ್ಲಿ ಗ್ಯಾಲರಿಯಿಂದ ಒಬ್ಬ "ದೇಶ ಮಾರಿಕೊಂಡವಳು!" ಎಂದು ಕೂಗಿದ. ಅವನ ಮುಂದಿನ ಸಾಲಿನಲ್ಲೇ ಕೂತಿದ್ದ ಅಮ್ಮ ಎದ್ದು ತಿರುಗಿದರು. "ಕೂಗು ಮಗನೇ, ಗಂಟಲು ನಿಂದು. ಹೆತ್ತ ಹೊಟ್ಟೆ ನಂದು, ಇಲ್ಲೇ ಕೂತಿದೆ. ಮುಖ ನೋಡ್ಕೊಂಡು ಕೂಗು." ಅವನು ಎದ್ದು ಬೇರೆ ಸಾಲಿಗೆ ಹೋದ. ಆದರೆ ಮುಂದಿನ ಊರಿನಲ್ಲಿ ಮತ್ತೊಬ್ಬನಿದ್ದ, ಅದರಾಚೆಯ ಊರಿನಲ್ಲಿ ಮತ್ತಿಬ್ಬರು. ಎಲ್ಲ ಕಡೆಗೂ ಅಮ್ಮನನ್ನು ಕರೆದೊಯ್ಯಲಾಗುತ್ತದೆಯೇ?

ಈಗ ಮಂಡಿ ಅಷ್ಟಿಷ್ಟು ಮಾತು ಕೇಳುತ್ತಿದೆ. ಕ್ಲಬ್ಬು ಇನ್ನೊಂದು ವರ್ಷಕ್ಕೆ ಇಟ್ಟುಕೊಂಡಿದೆ, ಆಮೇಲಿನ ಮಾತು ಯಾರೂ ಆಡುತ್ತಿಲ್ಲ. ಮಧ್ಯಾಹ್ನದ ವ್ಯಾಯಾಮ ಮುಗಿಸಿ ಬಂದ ಚಿಲಕ ಮಂಡಿಗೆ ಐಸ್ ಚೀಲ ಕಟ್ಟಿಕೊಂಡು, ಕುರ್ಚಿಯ ಮೇಲೆ ಕಾಲು ನೀಡಿ ಕೂತಿದ್ದಾಳೆ. ಕೋಪ ಇದೆಯೇ ಎಂದು ಕೇಳಿದರೆ ತಡಮಾಡುವುದಿಲ್ಲ.

"ಇದೆ. ಇಲ್ಲ ಅಂತ ಬರೀಬೇಡಿ. ಎಲ್ಲ ಮರೆತು ನಗ್ತಾ ಇದಾಳೆ ಅಂತ ಬರೆದ್ರೆ ಓದೋರಿಗೆ ಹಿತ, ನನಗಲ್ಲ. ಆ ಮ್ಯಾನೇಜರ್ ಮೇಲಿದೆ, ಬೆನ್ನು ತಟ್ಟಿದ ಆ ಯಜಮಾನರ ಮೇಲೂ ಇದೆ. ಅಪ್ಪನ ಮೇಲೆ ಮಾತ್ರ ಇಲ್ಲ. ಅವರು ಕೇಳಿದ್ದು ಮಗಳ ಆಟ ನೋಡಬೇಕು ಅಂತ, ಅಷ್ಟೇ ತಾನೇ?"

ಬರುವ ಭಾನುವಾರ ಅಮ್ಮನ ದೇಶಕ್ಕೂ ಅಪ್ಪನ ದೇಶಕ್ಕೂ ಸ್ನೇಹಪರ ಪಂದ್ಯವಿದೆ. ತಾಯಿ ಮಗಳು ಟಿ.ವಿ. ಮುಂದೆ ಕೂರುತ್ತಾರೆ. ಯಾರ ಕಡೆ ಎಂದು ಕೇಳಿದರೆ ಅಮ್ಮ ಒಳಗಿನಿಂದಲೇ "ಯಾರ ಕಡೆಯೂ ಇಲ್ಲ" ಎಂದು ಗದರುತ್ತಾರೆ. ಚಿಲಕ ಐಸ್ ಚೀಲವನ್ನು ಸ್ವಲ್ಪ ಸರಿಸಿ ಕಟ್ಟಿಕೊಳ್ಳುತ್ತಾಳೆ.

"ನಾನು ಡಿಫೆಂಡರುಗಳನ್ನ ನೋಡ್ತೀನಿ. ಆ ಕಡೆ ನನ್ನ ಜಾಗದಲ್ಲಿ ಯಾರು ನಿಂತಿದಾಳೆ, ಈ ಕಡೆ ಯಾರು ನಿಂತಿದಾಳೆ ಅಂತ" ಎನ್ನುತ್ತಾಳೆ. "ಇಬ್ಬರದೂ ಆಟ ನೋಡಿದೀನಿ. ಒಬ್ಬಳೂ ನನ್ನಷ್ಟು ಚೆನ್ನಾಗಿ ಆಡಲ್ಲ. ಬರ್ಕೊಳ್ಳಿ, ಪರವಾಗಿಲ್ಲ."