ಎಡಗಡೆಯ ಸ್ಪೀಕರ್

ಎಡಗಿವಿಯ ಆಪರೇಷನ್ ಆದ ಮೇಲೆ ಮೊದಲ ಸಲ ಖಡಕಿಯ ಗೆಳೆಯರೊಬ್ಬರ ಮನೆಗೆ ಹೋಗಿದ್ದೆ. ಭಾನುವಾರ ಅಲ್ಲಿ ಸೇರಿ, ಅವರ ಹಳೆಯ ಸ್ಪೀಕರ್‌ಗಳಲ್ಲಿ ಕ್ಯಾಸೆಟ್ ಕೇಳಿ, ದನಿಯ ಬಗ್ಗೆ ಅಭಿಪ್ರಾಯ ಹೇಳುವುದು ನಮ್ಮ ರೂಢಿ. ಅಂದು ನನಗೆ ಬಲಗಡೆಯಿಂದಷ್ಟೇ ದನಿ ಬಂತು. ಎಡಗಿವಿ ಹೋಯಿತೆಂದುಕೊಂಡೆ.

"ಎಡಕ್ಕ ತಂಬೂರಿ ಕೇಳ್ರಿ, ಎಷ್ಟು ಮೆತ್ತಗ ಅದ!" ಎಂದರು ಒಬ್ಬರು.

"ಸ್ಪೀಕರಿನೊಳಗ ಹಳೇ ಕಾಗದದ ಕೋನ್ ಅಲ್ರಿ, ದನಿ ಬೆಣ್ಣಿ ಇದ್ದಂಗ," ಎಂದರು ಇನ್ನೊಬ್ಬರು.

"ನನಗ ಎಡಕ್ಕ ಏನೂ ಕೇಳಸವಲ್ದು," ಎಂದೆ, ಅಳುಕುತ್ತ.

ಮನೆಯ ಯಜಮಾನರು ಎದ್ದು ಎಡಗಡೆಯ ಸ್ಪೀಕರಿನ ಹಿಂದೆ ಬಗ್ಗಿ ನೋಡಿದರು. ವೈರ್ ಕಳಚಿತ್ತು. "ಬೆಣ್ಣಿ ತಿಂದವರು ಬಾಯಿ ಒರಸ್ಕೋರಿ," ಎನ್ನುತ್ತ ಅದನ್ನು ಸಿಕ್ಕಿಸಿದರು.

ನಾನು ಬಲಗಿವಿಯನ್ನು ಬೆರಳಿನಿಂದ ಮುಚ್ಚಿಕೊಂಡೆ. ತಂಬೂರಿ ಕೇಳಿಸಿತು, ಸಣ್ಣಗೆ. ಕ್ಯಾಸೆಟ್ಟನ್ನು ಮೊದಲಿನಿಂದ ಹಾಕಿರೆಂದು ಕೇಳಿಕೊಂಡೆ.