ಒಂದು ಚೀಲ ಮಂಡಕ್ಕಿ ಎಂಟಾದದ್ದು

ಗೆಳತಿಯರೇ, ಈ ನೋಟಿಸ್ ಬೋರ್ಡ್ ಓದಲು ಮಂಡಕ್ಕಿ ಚೀಲಗಳನ್ನು ದಾಟಿ ಬಂದಿದ್ದೀರಿ, ಕ್ಷಮಿಸಿ.

ಇವತ್ತು ಹರಿಹರದ ಥ್ರೋಬಾಲ್ ಟೀಮ್ ನಮ್ಮಲ್ಲಿಗೆ ಆಡಲು ಬಂದಿತ್ತು. ಮ್ಯಾಚ್ ಆದ ಮೇಲೆ ಅವರಿಗೆ ಮಂಡಕ್ಕಿ, ಮಿರ್ಚಿ ಬಜ್ಜಿ ಕೊಡಿಸುವುದು ಫಸ್ಟ್ ಇಯರ್‌ನ ನನ್ನ ಡ್ಯೂಟಿ. "ಒಂದು ಚೀಲ ತರ್ಸು. ಕಮ್ಮಿ ಬಿದ್ರೆ ಹಾಸ್ಟೆಲ್ ಮರ್ಯಾದಿ ನಿನ್ ತಲಿ ಮ್ಯಾಲೆ" ಎಂದಿದ್ದರು ಸೀನಿಯರ್ ಶೋಭಕ್ಕ. ಆ ಟೆನ್ಷನ್‌ನಲ್ಲಿ ನಾನು ಅಡುಗೆಯ ಗಂಗಮ್ಮನಿಗೆ ಎರಡು ಎಂದೆ.

ಸಂಜೆ ಗೇಟಿಗೆ ಎಂಟು ಚೀಲ ಬಂದವು.

"ನೀವು ಹುಡುಗ್ಯಾರು ಯಾವಾಗ್ಲೂ ಕಮ್ಮಿ ಹೇಳ್ತೀರವ್ವ, ಅದಕ್ಕ ಭಟ್ಟಿಗೆ ನಾಲ್ಕು ಅಂತ ಹೇಳಿ ಕಳಿಸ್ದೆ" ಎಂದರು ಗಂಗಮ್ಮ.

"ನಾಲ್ಕು ಒಯ್ದು ಮತ್ತ ನಾಲ್ಕಕ್ಕೆ ಹೇಳಿ ಕಳಸ್ತೀರಿ ಅಂತ ಒಮ್ಮೆಗೇ ತಂದೆ. ವಾಪಸ್ ಬ್ಯಾಡ್ರಿ, ಮೆತ್ತಗಾಗ್ತೈತೆ" ಎಂದ ಚೀಲ ಹೊತ್ತು ತಂದ ಮಂಡಕ್ಕಿ ಭಟ್ಟಿಯವನು.

ಶೋಭಕ್ಕ ಎಲ್ಲರೆದುರು ನನ್ನನ್ನೇ ಹಿಡಿದರು. "ಒಬ್ರನ್ನೊಬ್ರು ಒಂದು ಮಾತು ಕೇಳಾಕ ಏನಾಗಿತ್ತು ನಿಮಗ?" ನನಗೆ ಅಳುವೇ ಬಂದಿತ್ತು.

ಅಷ್ಟರಲ್ಲಿ ಹರಿಹರದ ಕ್ಯಾಪ್ಟನ್ ಬ್ಯಾಗ್ ಏರಿಸಿಕೊಂಡು ಹೊರಟಳು. "ಬಸ್ಸಿಗೆ ಹೊತ್ತಾಗ್ತೈತೆ, ಬರೀ ಟೀ ಸಾಕು ಅಂತ ನಿನ್ನೆನೇ ಫೋನ್ ಮಾಡಿದ್ನಲ್ಲಕ್ಕ?"

ಶೋಭಕ್ಕ ಮೆಲ್ಲಗೆ ಹೇಳಿದರು: "ಮರ್ಯಾದಿಗೆ ಬ್ಯಾಡ ಅಂತೀರಿ ಅಂದ್ಕಂಡೆ. ಅದಕ್ಕ ಯಾರಿಗೂ ಹೇಳಲಿಲ್ಲ."

ಮಿರ್ಚಿ ಮಾತ್ರ ಒಂದೂ ಇರಲಿಲ್ಲ. ಅದನ್ನು ಹೇಳಿಕಳಿಸುವುದನ್ನು ಎಲ್ಲರೂ ಮರೆತಿದ್ದೆವು.

ಈಗ ಓದಿದವರು ತಟ್ಟೆ ತನ್ನಿ, ಎಷ್ಟು ಬೇಕೋ ಅಷ್ಟನ್ನೇ ಬಾಯಿಬಿಟ್ಟು ಹೇಳಿ. ಮರ್ಯಾದೆಗೆ ಬೇಡ ಎನ್ನುವವರ ರೂಮಿಗೆ ಇಡೀ ಚೀಲ ಕಳಿಸುತ್ತೇನೆ.